ಆರು ಜನಕ್ಕೆ ಒಬ್ಬ ವಕೀಲ

ನಾನು ಚಿಂತೆಯನ್ನು ಒಂದು ಕಸುಬಿನ ಹಾಗೆ ಮಾಡಿಕೊಂಡು ಬಂದವಳು. ಅಂಕೋಲೆಯಲ್ಲಿ ಬಸ್ಸು ಹತ್ತಿ ಕೂತ ಮೇಲೆ, ಗ್ಯಾಸಿನ ಗುಬ್ಬಿ ತಿರುಗಿಸಿದೆನೋ ಇಲ್ಲವೋ ಎಂದು ಶುರುವಾಗುವ ಯೋಚನೆ ನಾನು ಪಾಠ ಮಾಡುವ ಚೆಂಡಿಯಾದ ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಇಡೀ ಕೇರಿಯನ್ನು ಸುಟ್ಟು ಮುಗಿಸಿರುತ್ತಿತ್ತು. ಮಳೆಗಾಲದಲ್ಲಿ ಹೆದ್ದಾರಿ ಮೇಲೆ ಗುಡ್ಡ ಜರಿಯುವ ಚಿಂತೆ, ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಚಿಂತೆ, ಎರಡೂ ಅಲ್ಲದ ಕಾಲದಲ್ಲಿ ಏನೂ ಆಗುತ್ತಿಲ್ಲವಲ್ಲ ಎಂಬ ಚಿಂತೆ. ಇಷ್ಟೆಲ್ಲ ತಾಲೀಮು ಇದ್ದರೂ, ಕಾರವಾರದ ನ್ಯಾಯಾಲಯದಲ್ಲಿ ನನ್ನ ಗಂಡನಿಗೆ ಏಳು ವರ್ಷದ ಶಿಕ್ಷೆ ಎಂದು ಓದಿ ಹೇಳಿದ ದಿನ ನನ್ನ ತಲೆಗೆ ಬಂದ ಮೊದಲ ಯೋಚನೆ, ಅವರು ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವಲ್ಲ ಎಂಬುದು. ಜೀವಮಾನವಿಡೀ ಸಣ್ಣ ಚಿಂತೆಗಳಲ್ಲಿ ಕೈ ಪಳಗಿಸಿಕೊಂಡವಳಿಗೆ ದೊಡ್ಡದು ಬಂದಾಗ ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ.

ನಡೆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಬೆಳಂಬಾರದ ಆಚೆಗಿನ ಒಂದು ಮೀನುಗಾರರ ಕೇರಿ. ಇಲ್ಲಿ ಈಗಲೂ ವರ್ಷಕ್ಕೆ ಕೆಲವು ಸಲ ರಂಪಣಿ ಬೀಳುತ್ತದೆ. ದೋಣಿಯಲ್ಲಿ ಉದ್ದದ ಬಲೆ ಒಯ್ದು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಊರೇ ನಿಂತು ಎಳೆಯುವುದು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಕೊನೆಯ ಗಳಿಗೆಯಲ್ಲಿ ಓಡಿಬಂದು ಕೈ ಹಚ್ಚಿದ ಮುದುಕನಿಗೂ ಪಾಲು, ಐಸು ತರಲು ಹೋದವನಿಗೂ ಪಾಲು. ಕೆಲವು ವರ್ಷದ ಹಿಂದೆ ಒಂದು ಸಂಜೆ ಹೊರಗಿನ ಯಾಂತ್ರಿಕ ದೋಣಿಯೊಂದು ದಂಡೆಗೆ ತೀರಾ ಹತ್ತಿರ ಬಂದು, ಬಿಟ್ಟ ಬಲೆಯನ್ನು ಹರಿದುಹಾಕಿತು. ಆ ದೋಣಿಯವರು ಇಳಿದು ಬಂದರು. ಮಾತು ಬೆಳೆಯಿತು. ಯಾರೋ ಹುಟ್ಟು ಎತ್ತಿದರು. ಆ ದೋಣಿಯ ಒಬ್ಬನಿಗೆ ತಲೆಗೆ ಪೆಟ್ಟು ಬಿದ್ದು, ಎರಡು ದಿನ ಬಿಟ್ಟು ಆಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗೂ ಹೆಂಡತಿ ಇದ್ದಳು. ನಾನು ನನ್ನ ಗಂಡನ ಸಲುವಾಗಿ ಇಷ್ಟು ಓಡಾಡಿದ್ದನ್ನು ಬರೆಯುವಾಗ ಆ ಹೆಂಗಸಿನ ಮುಖ ಕಣ್ಣೆದುರು ಬಂದು ಕೂರುತ್ತದೆ. ಕೂರಲಿ.

ಹೊಡೆದಾಟದ ಹೊತ್ತಿನಲ್ಲಿ ನನ್ನ ಗಂಡ ಟೆಂಪೋ ತೆಗೆದುಕೊಂಡು ಅಂಕೋಲೆಗೆ ಐಸಿಗೆ ಹೋಗಿದ್ದರು. ತಿರುಗಿ ಬರುವಾಗ ಎಲ್ಲ ಮುಗಿದಿತ್ತು. ಐಸಿನ ಪೆಟ್ಟಿಗೆಗಳನ್ನು ಮರಳ ಮೇಲೆ ಇಳಿಸಿ, ಬಿದ್ದವನನ್ನು ಅದೇ ಟೆಂಪೋಕ್ಕೆ ಎತ್ತಿ ಹಾಕಿದವರಲ್ಲಿ ಅವರೊಬ್ಬರು.

ಪೊಲೀಸರು ಬಂದು ಯಾರ್ಯಾರಿದ್ದಿರಿ ಎಂದು ಕೇಳಿದಾಗ ಬಲೆಯ ಯಜಮಾನರು, ಅಂದರೆ ನನ್ನ ಗಂಡನ ಚಿಕ್ಕಪ್ಪ, ಎಲೆ ಅಡಿಕೆ ಉಗಿದು ಬಂದು ಹೇಳಿದರು: "ಬಲೆಗೆ ಪಾಲಿದ್ದವ್ರು ಎಲ್ಲಾರ್ದೂ ಬರ್ಕಣಿ." ಅದು ಅವರ ಲೆಕ್ಕ. ತಪ್ಪನ್ನೂ ಮೀನಿನ ಹಾಗೆ ಹಂಚಿಬಿಟ್ಟರೆ ಒಬ್ಬೊಬ್ಬರಿಗೆ ಬುಟ್ಟಿಯ ತಳದಷ್ಟು ಬರುತ್ತದೆ, ಯಾರೂ ಮುಳುಗುವುದಿಲ್ಲ. ಕಾನೂನು ಹಾಗೆ ಹಂಚುವುದಿಲ್ಲ, ಅದು ಪ್ರತಿಯೊಬ್ಬನಿಗೂ ಇಡೀ ಬುಟ್ಟಿಯನ್ನೇ ಕೊಡುತ್ತದೆ ಎಂದು ನಮಗೆ ತಿಳಿದದ್ದು ತೀರ್ಪಿನ ದಿನ. ಸಾಕ್ಷಿಗಳು ಯಾರನ್ನು ಗುರುತಿಸಲಿಲ್ಲವೋ ಅವರು ಬಿಡುಗಡೆಯಾಗಿ ಮನೆಗೆ ಬಂದರು. ಆರು ಜನ ಒಳಗೆ ಹೋದರು. ಅದರಲ್ಲಿ ನನ್ನ ಗಂಡ, ನನ್ನ ಗಂಡನ ಅಣ್ಣ.

ಆರು ಜನಕ್ಕೂ ವಕೀಲರು ಒಬ್ಬರೇ. ಹಿರಿಯರು, ಸಾವಧಾನದ ಮನುಷ್ಯ, ಹೋದವರಿಗೆಲ್ಲ ಚಹಾ ಕೊಡಿಸುವವರು. ಕೇರಿಯವರು ಕೂತು ಅವರನ್ನು ಗೊತ್ತು ಮಾಡಿದ್ದು, ಬಲೆ ಒಂದು, ಹಗ್ಗ ಒಂದು, ವಕೀಲರೂ ಒಬ್ಬರೇ ಎಂಬ ನ್ಯಾಯದ ಮೇಲೆ. ಶಿಕ್ಷೆಯಾದ ದಿನ ನ್ಯಾಯಾಲಯದ ವರಾಂಡದಲ್ಲಿ ಅವರು ನನ್ನ ಹತ್ತಿರ ಬಂದು ಕೋಟು ಮಡಚಿಕೊಳ್ಳುತ್ತ ಹೇಳಿದರು: "ನೋಡುವಾ, ಧಾರವಾಡದಲ್ಲಿ ಮೇಲ್ಮನವಿ ಹಾಕುವಾ. ಎರಡು ತಿಂಗಳ ಗಡುವು ಅದೆ. ನಿಮ್ಮವ್ರು ಎಷ್ಟನೇ ಆರೋಪಿ ಅಂದ್ರಿ?"

ಇಷ್ಟು ಕಾಲ ಕೇಸು ನಡೆಸಿದ ಮೇಲೆ ಕೇಳಿದ ಪ್ರಶ್ನೆ ಅದು. "ನಾಲ್ಕನೇ," ಎಂದೆ. ಬಸ್ಸಿನಲ್ಲಿ ಕೂತ ಮೇಲೆ ನಾಲ್ಕೋ ಐದೋ ಎಂದು ನನಗೇ ಅನುಮಾನವಾಗಿ ಅವರಿಗೆ ಫೋನು ಮಾಡಿದೆ. ಅವರು ಎತ್ತಲಿಲ್ಲ. ಆ ಸಂಜೆಯೇ ನಾನು ಬೇರೆ ವಕೀಲರನ್ನು ಹುಡುಕಬೇಕೆಂದು ನಿಶ್ಚಯಿಸಿದ್ದು. ಆಗಲೂ ನನ್ನ ಮನಸ್ಸಿನಲ್ಲಿದ್ದದ್ದು ಆರೂ ಜನಕ್ಕೆ ಇನ್ನೊಬ್ಬ ಒಳ್ಳೆಯವರು ಎಂದೇ. ಬಲೆಯ ಯಜಮಾನರಿಗೂ ಹಾಗೇ ಹೇಳಿದೆ. "ಕೇಳ್ಕಂಡು ಬಾ," ಎಂದರು ಅವರು. "ಕೇಳೂಕೆ ಯಾರ ಅಪ್ಪಣೆನೂ ಬ್ಯಾಡ."

ಮತ್ತೆ ಶಾಲೆಗೆ ಹೋದ ದಿನ ಗೊತ್ತಾಯಿತು, ಜಗತ್ತಿನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ವಕೀಲರ ಪರಿಚಯವಿರುತ್ತದೆ ಎಂದು. ಚೆಂಡಿಯಾ ಅಂದರೆ ನೌಕಾನೆಲೆಗೆ ಮನೆ ಗದ್ದೆ ಬಿಟ್ಟುಕೊಟ್ಟವರ ಊರು. ಪರಿಹಾರದ ಕೇಸು ನಡೆಸದ ಮನೆ ಸಿಗುವುದು ಕಷ್ಟ. ಮೊಮ್ಮಕ್ಕಳನ್ನು ಬಿಡಲು ಬಂದ ಅಜ್ಜ ಒಬ್ಬರು ನನ್ನನ್ನು ಗೇಟಿನಲ್ಲೇ ನಿಲ್ಲಿಸಿದರು. ನಮ್ಮ ಕಡೆ ಪಾಠ ಹೇಳುವವಳಿಗೆ ಅಕ್ಕೋರು ಎನ್ನುವುದು.

"ಅಕ್ಕೋರೆ, ನಮ್ಮ ವಕೀಲ್ರ ಹತ್ರ ಹೋಗಿ. ಒಂದೊಂದು ತೆಂಗಿನ ಮರ ಎಣ್ಸಿ ಪರಿಹಾರ ತೆಗ್ಸಿ ಕೊಟ್ಟವ್ರೆ. ಸತ್ತ ಮರಕ್ಕೂ."

"ನಂದು ಮರದ ಕೇಸಲ್ಲ ಅಜ್ಜ, ಮನುಷ್ಯರದ್ದು."

"ಎರಡೂ ಒಂದೇಯ. ವಾದ ಮಾಡೂಕೆ ಬರ್ಬೇಕು."

ಮನುಷ್ಯರ ಕೇಸಿನವರು ಎಂದು ಕಾರವಾರದಲ್ಲಿ ಹೆಸರಿದ್ದ ಒಬ್ಬರ ಕಚೇರಿಗೆ ಹೋದೆ. ತಂಪು ಕೋಣೆ, ಗೋಡೆ ತುಂಬ ಅವರು ಯಾರ್ಯಾರಿಗೋ ಹಾರ ಹಾಕುತ್ತಿರುವ ಫೋಟೋಗಳು. ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಎತ್ತಿ, "ನೀವು ಚಿಂತೆ ಬಿಟ್ಬಿಡಿ ಮೇಡಂ, ಇನ್ನು ಅದು ನಂದು," ಎಂದರು. ನನ್ನ ಜನ್ಮದಲ್ಲಿ ಯಾರೂ ಆಡದ ಮಾತು. ಕಣ್ಣು ತುಂಬಿ ಬಂತು. ತೀರ್ಪಿನ ಪ್ರತಿಯನ್ನು ಅವರು ಕೈಯಲ್ಲಿ ತೂಗಿ ನೋಡಿದರು, ಮೀನು ಕೊಳ್ಳುವವರು ತೂಗುವ ಹಾಗೆ, ತೆರೆಯಲಿಲ್ಲ. "ಬಿಡುಗಡೆ ಗ್ಯಾರಂಟಿ." ಮನೆಗೆ ಬರುವ ದಾರಿಯಲ್ಲಿ ಗ್ಯಾರಂಟಿ ಎಂಬ ಮಾತು ಬಸ್ಸಿನ ಕುಲುಕಾಟಕ್ಕೆ ಸಡಿಲವಾಗುತ್ತ ಬಂತು. ನಮ್ಮ ಮನೆಯ ಮಿಕ್ಸರಿಗೂ ಗ್ಯಾರಂಟಿ ಇತ್ತು. ಬೇಲೆಕೇರಿಯ ತಿರುವಿಗೆ ಬರುವಷ್ಟರಲ್ಲಿ, ಓದದೇ ಗೆಲ್ಲುವ ಮನುಷ್ಯ ಓದದೇ ಸೋಲಲೂ ಬಲ್ಲ ಎಂದು ಹೊಳೆಯಿತು.

ಆಮೇಲೆ ಧಾರವಾಡದ ದೊಡ್ಡವರೊಬ್ಬರು. ಅವರನ್ನು ನಾನು ನೋಡಲೇ ಇಲ್ಲ, ಫೋನಿನಲ್ಲಿ ಅವರ ಕಿರಿಯರು ಮಾತ್ರ ಸಿಗುತ್ತಿದ್ದರು. ತೀರ್ಪಿನ ಪುಟಗಳನ್ನು ಫೋಟೋ ಹೊಡೆದು ಕಳಿಸಿದೆ. ಒಂದು ವಾರ ಬಿಟ್ಟು ಅವರು, "ವರದಕ್ಷಿಣೆ ಕೇಸಿನಲ್ಲಿ ಇದು ಸ್ವಲ್ಪ ಕಷ್ಟ ಮೇಡಂ," ಎಂದು ಕಳಿಸಿದರು. ಕ್ಷಮಿಸಿ, ಬೇರೆಯವರಿಗೆ ಕಳಿಸುವುದು ನಿಮಗೆ ಬಂತು ಎಂದು ಆಮೇಲೆ ಬರೆದರು. ಆ ಬೇರೆಯವರ ಹೆಂಡತಿಗೆ ಈಗ ನನ್ನ ಗಂಡನ ದೋಣಿಯ ಜಗಳ ತಲುಪಿರಬಹುದೇ ಎಂದು ನಾನು ಎರಡು ದಿನ ಅವಳಿಗಾಗಿಯೂ ಚಿಂತಿಸಿದೆ.

ಗಡುವು ಕರಗುತ್ತಿತ್ತು. ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವಾಗ ನಡುವೆ ನಿಂತುಬಿಡುತ್ತಿದ್ದೆ. ಆರು ಜನರನ್ನೂ ಬೆಳಗಾವಿ ಕಡೆಯ ದೊಡ್ಡ ಜೈಲಿಗೆ ಕಳಿಸುತ್ತಾರೆ ಎಂಬ ಸುದ್ದಿ ದಿನಕ್ಕೊಂದು ಬಾಯಿಯಿಂದ ಬರುತ್ತಿತ್ತು. ಕಾರವಾರದಲ್ಲಿರುವಷ್ಟು ದಿನ ಶಾಲೆ ಬಿಟ್ಟು ಒಂದು ಬಸ್ಸು ಹತ್ತಿದರೆ ಮುಖ ಕಾಣಿಸುತ್ತಿತ್ತು, ಆಮೇಲೆ ಅದೂ ಇಲ್ಲ.

ಜೈಲಿನ ಮುಲಾಕಾತಿಗೆ ಕಾಯುವ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಒಬ್ಬ ಹೆಂಗಸು, ತಮ್ಮನನ್ನು ನೋಡಲು ಬಂದವಳು, ನನ್ನ ಗೋಳು ಕೇಳಿ ಒಬ್ಬ ವಕೀಲೆಯ ವಿಷಯ ಹೇಳಿದಳು. ಕೆಲಸ ಧಾರವಾಡದ ಪೀಠದಲ್ಲಿ, ತವರು ಅಂಕೋಲೆ, ಭಾನುವಾರ ತಾಯಿಯನ್ನು ನೋಡಲು ಬರುತ್ತಾರೆ.

"ಹೆಂಗವ್ರೆ?" ಎಂದು ಕೇಳಿದೆ.

"ಬಾಯಿ ಕೆಟ್ಟದು. ನಂಗೆ ಅಳೂಕೂ ಬಿಡ್ಲಿಲ್ಲ. ನಿಮ್ಮ ತಮ್ಮ ಕದ್ದದ್ದು ಹೌದು, ಶಿಕ್ಷೆ ಕಮ್ಮಿ ಮಾಡೂಕೆ ಕೇಳ್ಬಹುದು, ಅಷ್ಟೇ ಅಂದ್ರು."

"ಮತ್ತೆ?"

"ಕಮ್ಮಿ ಆಯ್ತು. ಅಷ್ಟೇ ಆಯ್ತು."

ಹೇಳಿದ್ದಷ್ಟೇ ಮಾಡಿದ ವಕೀಲರ ಕಥೆಯನ್ನು ನಾನು ಮೊದಲ ಸಲ ಕೇಳುತ್ತಿದ್ದೆ.

ನಮ್ಮ ಕಡೆ ಒಂದು ಕೆಲಸ ಕೇಳಲು ಯಾರ ಮನೆಗಾದರೂ ಹೋಗುವುದಿದ್ದರೆ ಬರಿಗೈಯಲ್ಲಿ ಹೋಗುವುದಿಲ್ಲ. ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ, ಮೀನು ಮಾರುವವಳು. ಮನೆಯಲ್ಲಿ ಎಲ್ಲರೂ ಅವಳನ್ನು ವೈನಿ ಎನ್ನುತ್ತೇವೆ. ಭಾನುವಾರ ಬೆಳಿಗ್ಗೆ ಎರಡು ದೊಡ್ಡ ಪಾಪ್ಲೆಟ್ ಆರಿಸಿ ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. "ಕಿವಿರು ತೆಗ್ದು ತೋರ್ಸು, ತಾಜಾ ಅದೆ ಅನ್ನು," ಎಂದಳು. "ಮತ್ತೆ ಇಬ್ರದ್ದೂ ಹೇಳು. ನಿನ್ನ ಗಂಡಂದೇ ಹೇಳ್ಕಂಡು ಬರ್ಬೇಡ." ತಮಾಷೆಗೇ ಅಂದದ್ದು.

ವಕೀಲೆ ಜಗಲಿಯಲ್ಲಿ ಕೂತು ತಾಯಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು. ನನ್ನಷ್ಟೇ ವಯಸ್ಸು. ಪೊಟ್ಟಣ ನೋಡಿ ಮೂಗು ಮುರಿದರು.

"ಮೀನಾ? ನಾವು ತಿನ್ನೂದಿಲ್ಲ."

ಬಾಗಿಲ ತೋರಣ, ತುಳಸಿ ಕಟ್ಟೆ, ಎಲ್ಲ ಕಣ್ಣೆದುರೇ ಇದ್ದರೂ ಈ ಒಂದು ವಿಷಯದ ಬಗ್ಗೆ ಚಿಂತೆ ಮಾಡಲು ಮರೆತಿದ್ದೆ.

"ತಿಂತಿದ್ರೂ ತಗಳ್ತಿರ್ಲಿಲ್ಲ," ಎಂದರು ಅವರು. "ನಾಳೆ ಸೋತ್ರೆ ಇದನ್ನೂ ಹೇಳ್ಕಂಡು ತಿರುಗ್ತೀರಿ. ಅಲ್ಲಿ ಕಟ್ಟೆ ಮೇಲೆ ಇಡಿ, ಬೆಕ್ಕು ನೋಡ್ಕಳಿ. ಹೇಳಿ."

ಹೇಳಿದೆ. ಅವರು ಎಣ್ಣೆ ಕೈ ಒರೆಸಿಕೊಂಡು ಎದುರು ಕೂತರು. ತೀರ್ಪಿನ ಕಟ್ಟನ್ನು ಪಕ್ಕಕ್ಕಿಟ್ಟು, "ಇದನ್ನ ನಾನು ಓದ್ತೇನೆ. ಮೊದ್ಲು ನೀವು ಹೇಳಿ. ಹೊಡೆದಾಟದ ಹೊತ್ತಿಗೆ ನಿಮ್ಮ ಗಂಡ ಎಲ್ಲಿದ್ರು?" ಎಂದರು.

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾವ ವಕೀಲರೂ ಕೇಳಿರಲಿಲ್ಲ. "ಐಸಿಗೆ ಹೋಗಿದ್ರು," ಎಂದೆ. ಟೆಂಪೋ, ಮರಳ ಮೇಲಿಳಿಸಿದ ಐಸು, ಎತ್ತಿ ಹಾಕಿದ್ದು, ಎಲ್ಲ ಹೇಳಿದೆ.

"ಇದನ್ನ ಕೋರ್ಟಲ್ಲಿ ಯಾರಾದ್ರೂ ಹೇಳಿದ್ರಾ?"

ಸಾಕ್ಷಿ ನಡೆದ ದಿನ ನಾನು ನ್ಯಾಯಾಲಯದ ಹಿಂದಿನ ಬೆಂಚಿನಲ್ಲೇ ಕೂತಿದ್ದೆ. ಸತ್ತವನ ತಮ್ಮ ಕಟಕಟೆಯಲ್ಲಿ ನಿಂತು ಒಬ್ಬೊಬ್ಬರನ್ನೇ ಬೊಟ್ಟು ಮಾಡಿ ತೋರಿಸುತ್ತ, ನನ್ನ ಗಂಡನ ಹತ್ತಿರ ಬಂದಾಗ, "ಇವ್ನೂ ಇದ್ದ. ಟೆಂಪೋದಲ್ಲಿ ಬಂದ. ನನ್ನ ಅಣ್ಣನ ಕಾಲು ಹಿಡಿದು ಎತ್ತಿ ಟೆಂಪೋಕ್ಕೆ ಹಾಕ್ದ," ಎಂದಿದ್ದ. ಹೌದಲ್ಲ, ನಿಜ ಹೇಳಿದನಲ್ಲ ಎಂದು ನನಗೆ ಸಮಾಧಾನವೂ ಆಗಿತ್ತು. ಅದನ್ನೇ ಅವರಿಗೆ ಹೇಳಿದೆ.

"ಆಗ ನಿಮ್ಮ ವಕೀಲ್ರು ಅವ್ನಿಗೆ ಏನು ಕೇಳಿದ್ರು?"

"ನೀವು ಹೇಳ್ತಿರೋದು ಎಲ್ಲಾ ಸುಳ್ಳು, ನೀವು ತೋರ್ಸಿದ ಈ ಆರೂ ಜನ ಆ ಸಂಜೆ ದಂಡೆಯಲ್ಲೇ ಇರ್ಲಿಲ್ಲ ಅಂದ್ರು."

ನನಗೆ ನಿಧಾನವಾಗಿ, ಕಾಲಡಿಯ ಮರಳು ತೆರೆಯೊಂದಿಗೆ ಜಾರುವ ಹಾಗೆ, ಅರ್ಥವಾಗುತ್ತ ಬಂತು. ನನ್ನ ಗಂಡನನ್ನು ಉಳಿಸಬಹುದಾಗಿದ್ದ ಒಂದೇ ಮಾತನ್ನು ಎದುರು ಪಕ್ಷದವನು ತಾನಾಗಿ ಕೊಟ್ಟಿದ್ದ. ಅದನ್ನು ಸುಳ್ಳು ಎಂದವರು ನಮ್ಮವರೇ.

"ದಡ್ಡರೇನಲ್ಲ ಅವ್ರು," ಎಂದರು ವಕೀಲೆ. "ಇವ್ನು ಆಮೇಲೆ ಬಂದ ಅಂತ ಒಪ್ಪಿಸಿದ್ರೆ, ಮೊದ್ಲು ಇದ್ದವ್ರು ಯಾರು ಅಂತ ಬರ್ತದೆ. ಅವ್ರೂ ಅವರ ಕಕ್ಷಿದಾರರೇ. ಆರು ಜನಕ್ಕೆ ಒಂದೇ ಬಾಯಿ ಆದ್ರೆ ಆ ಬಾಯಿ ಒಬ್ಬನ ನಿಜ ಆಡೂಕೆ ಬರೂದಿಲ್ಲ."

"ಹಂಗಾರೆ ನೀವು ಆರೂ ಜನದ್ದು..."

"ನಿಮ್ಮ ಗಂಡಂದು ಒಂದೇ ಹಿಡೀತೇನೆ. ಹಿಡಿದ್ರೆ ಬೇರೆ ಅರ್ಜಿ. ಹೊಸ ಮಾತು ಏನೂ ಹೇಳೂದಿಲ್ಲ, ಅವರ ಸಾಕ್ಷಿ ಹೇಳಿದ್ದನ್ನೇ ಎತ್ತಿ ತೋರಿಸ್ತೇನೆ. ಕೋರ್ಟು ಒಪ್ತದೆ ಅಂತ ನಾನು ಹೇಳೂದಿಲ್ಲ. ಜಾಮೀನೂ ಸಿಗಬಹುದು, ಸಿಗದೇ ಇರಬಹುದು. ವಕಾಲತ್ತಿಗೆ ಅವ್ರ ಸಹಿ ಬೇಕು, ನಿಮ್ಮದಲ್ಲ."

ಅವರು ತಾಯಿಯ ಇನ್ನೊಂದು ಕಾಲು ಎತ್ತಿಕೊಂಡರು. ನಾನು ಪಾಪ್ಲೆಟ್ ಎತ್ತಿಕೊಂಡೆ. ನಂಬಬಹುದಾದ ವಕೀಲರು ಸಿಕ್ಕಿದರು ಎಂದು ಸಂತೋಷಪಡಬೇಕಾಗಿತ್ತು. ಬಸ್ ನಿಲ್ದಾಣದಲ್ಲಿ ಕೂತು ನಾನು ಬೆವೆತದ್ದು, ಈ ಪೊಟ್ಟಣವನ್ನು ವೈನಿಗೆ ಯಾವ ಮುಖದಿಂದ ತಿರುಗಿ ಕೊಡಲಿ ಎಂದು. ಕೊನೆಗೆ ಅವರು ಮೀನು ತಿನ್ನುವುದಿಲ್ಲವಂತೆ ಎಂಬಷ್ಟು ನಿಜ ಹೇಳಿದೆ. ರಾತ್ರಿ ಅದನ್ನೇ ಸಾರು ಮಾಡಿ ಉಂಡೆವು.

ಮುಂದಿನ ಮುಲಾಕಾತಿಗೆ ನಾನು ಭಾಷಣ ತಯಾರಿಸಿಕೊಂಡು ಹೋದೆ, ಪಾಠಕ್ಕೆ ತಯಾರಾಗುವ ಹಾಗೆ. ಕಬ್ಬಿಣದ ಜಾಳಿಗೆಯ ಆಚೆ ನನ್ನ ಗಂಡ ಗಡ್ಡ ಬಿಟ್ಟು, ನಿದ್ದೆಗೆಟ್ಟು ನಿಂತಿದ್ದರು. ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ.

"ವೈನಿಗೆ ಹೇಳಿದ್ಯಾ?"

"ಇಲ್ಲ."

"ರಾತ್ರಿ ನಾ ಅಣ್ಣನ ಪಕ್ಕಕ್ಕೇ ಮಲಗ್ತೆ," ಎಂದರು. "ಅವ್ನು ನಿದ್ದೀಲಿ ಕೈ ಹಾಕಿದ್ರೂ ನಂಗೇ ತಾಗ್ತದೆ. ಅಲ್ಲಿ ಮಲಗಿ ಎದ್ದು ಬಂದು ಇಲ್ಲಿ ಇದಕ್ಕೆ ಸಹಿ ಹಾಕು ಅಂತ್ಯಾ?"

"ನೀವು ಇರ್ಲಿಲ್ಲ ಅಲ್ಲಾ. ಇರ್ಲಿಲ್ಲ ಅಂಬೂದೇ ಅಲ್ಲಾ ನಾವು ಹೇಳೂದು."

"ವೈನಿಗೆ ಹೇಳು. ಆಮೇಲೆ ನೋಡ್ವ."

ಸಮಯವಾಯಿತು ಎಂದು ಒಳಗಿನಿಂದ ಕರೆದರು. ತಯಾರಿಸಿದ ಭಾಷಣದಲ್ಲಿ ಮುಕ್ಕಾಲು ಭಾಗ ನನ್ನಲ್ಲೇ ಉಳಿಯಿತು.

ಅಷ್ಟರಲ್ಲಿ ನಾನು ವಕೀಲೆಯ ಮನೆಗೆ ಹೋದದ್ದು ಯಜಮಾನರ ಕಿವಿಗೆ ಬಿದ್ದಿತ್ತು. ಜಗಲಿಗೆ ಬಂದರು, ಕೂರಲಿಲ್ಲ. "ಆರು ಜನದ ಅರ್ಜಿ ಒಟ್ಟಿಗೆ ಹೋಗ್ತದೆ," ಎಂದರು. "ಬಲೆ ಎಳಿಯುವಾಗ ನಡುವೆ ಒಬ್ಬ ಹಗ್ಗ ಬಿಟ್ರೆ ಉಳಿದವ್ರು ಬೀಳ್ತ್ರು. ನೀ ಕಲ್ತವ್ಳು, ನಿಂಗೆ ಬ್ಯಾರೆ ಹೇಳೂದು ಬ್ಯಾಡ." ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಆರು ಮನೆಯ ಅಕ್ಕಿ ಅವರೇ ನೋಡಿಕೊಳ್ಳುತ್ತಿದ್ದರು. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ವೈನಿ ಹಿತ್ತಿಲಲ್ಲಿ ಕೂತು ಬಂಗಡೆ ಸೀಳುತ್ತಿದ್ದಳು, ಒಣಗಿಸಲು. ನಾನು ಎರಡು ಸಲ ಬಾಗಿಲ ತನಕ ಹೋಗಿ ತಿರುಗಿ ಬಂದೆ.

"ಎಂತ ಅಕ್ಕೋರೆ," ಎಂದಳು, ತಲೆ ಎತ್ತದೆ. "ಬೆಕ್ಕಿನ ಹಂಗೆ ಬಂದು ಬಂದು ಹೋಗೂದು ಎಂತಕ್ಕೆ? ಮೀನು ಬೇಕಾರೆ ಕೇಳು."

ಹೇಳಿದೆ. ಕತ್ತಿ ನಿಲ್ಲಲಿಲ್ಲ. ಒಂದು, ಎರಡು ಮೀನು ಸೀಳಿ ಉಪ್ಪಿಗೆ ಹಾಕಿದಳು.

"ಅಂದ್ರೆ ನಿನ್ನ ಗಂಡ ಇರ್ಲಿಲ್ಲ, ನನ್ನ ಗಂಡ ಇದ್ದ."

"ಹಂಗೆ ಹೇಳೂದಿಲ್ಲ ವೈನಿ. ಇವ್ರು ಆಮೇಲೆ ಬಂದ್ರು ಅಂತ ಅಷ್ಟೇಯ."

"ಅಷ್ಟೇಯ," ಎಂದಳು ನನ್ನದೇ ದನಿಯಲ್ಲಿ. "ಒಬ್ಬ ಆಮೇಲೆ ಬಂದ ಅಂದ್ರೆ ಉಳಿದವ್ರು ಮೊದ್ಲೇ ಇದ್ರು ಅಂತಾತು. ನಾ ನಿನ್ನ ಶಾಲಿಗೆ ಬಂದವ್ಳಲ್ಲ, ಆದ್ರೂ ಇಷ್ಟು ಕಳಿಯೂಕೆ ಬತ್ತದೆ."

ಅವಳು ಕೈ ತೊಳೆದುಕೊಂಡಳು. ಕಡಲ ಕಡೆ ಮುಖ ಮಾಡಿ, ನನಗೆ ಕೇಳುವಷ್ಟೇ ದನಿಯಲ್ಲಿ ಹೇಳಿದಳು.

"ನಾ ಆ ದಿವ್ಸ ದಂಡಿ ಮೇಲೇ ಇದ್ದೆ. ಹುಟ್ಟು ಯಾರ ಕೈಲಿ ಇತ್ತು ಅಂತ ನಂಗೊತ್ತದೆ. ಕೇಳ್ಬೇಡ."

ಕೇಳಲಿಲ್ಲ.

"ನಿನ್ನ ಗಂಡನ ಟೆಂಪೋ ಬಂದದ್ದೂ ನೋಡಿದೆ. ಐಸು ಇಳ್ಸಿದ್ದೂ ನೋಡಿದೆ. ಆಮೇಲೆ ಆ ಐಸು ಯಾರೂ ನೋಡ್ದೇ ನೀರಾಗಿ ಹೋಯ್ತು." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಕೋರ್ಟಲ್ಲಿ ನನ್ನ ಯಾರೂ ಕರೀಲಿಲ್ಲ. ಕರದ್ರೆ ಸುಳ್ಳೇ ಹೇಳ್ತಿದ್ದೆ. ನೀನಾರೂ ಹಂಗೇ ಮಾಡ್ತಿದ್ದೆ."

"ಹೌದು," ಎಂದೆ. ಅದು ನಿಜ.

"ಆ ವಕೀಲ್ರಿಗೆ ನನ್ನ ಗಂಡಂದು ಕೊಡೂಕೆ ಬತ್ತದಾ?"

"ಬರೂದಿಲ್ಲ ಅಂತೆ. ಒಬ್ರೇ ಇಬ್ರದ್ದು ಹಿಡಿದ್ರೆ ಮತ್ತೆ ಅದೇ ಆತದೆ. ಬೇರೆ ಇಬ್ರು ಒಳ್ಳೆಯವ್ರ ಹೆಸ್ರು ಕೇಳ್ಕಂಡು ಬರ್ತೆ."

"ನೀ ದೊಡ್ಡದು ಆರ್ಸಿಕಂಡೆ. ನಂಗೆ ಬುಟ್ಟಿ ತಳದ್ದು." ಹಾಗೆಂದು ಬಂಗಡೆಯ ಹರಿವಾಣ ಎತ್ತಿಕೊಂಡು ಒಳಗೆ ಹೋದಳು. ಆ ದಿನದಿಂದ ಅವಳು ನನ್ನ ಕೂಡೆ ಮಾತಾಡಲಿಲ್ಲ. ಅನ್ನಕ್ಕೆ ನೀರಿಡುತ್ತಿದ್ದಳು, ನನ್ನ ಪಾಲೂ ಹಾಕುತ್ತಿದ್ದಳು, ತಟ್ಟೆ ಮುಚ್ಚಿಟ್ಟು ಹೋಗುತ್ತಿದ್ದಳು. ನಾನು ಶಾಲೆಯಿಂದ ಬರುವಾಗ ಅವಳು ಗಂಟು ಕಟ್ಟಿ ತವರಿಗೆ ಹೋಗಿರಬಹುದು, ಯಜಮಾನರಿಗೆ ಹೇಳಿರಬಹುದು, ಜೈಲಿನಲ್ಲಿ ಅಣ್ಣತಮ್ಮ ಹೊಡೆದಾಡಿಕೊಂಡಿರಬಹುದು ಎಂದು ಅಮದಳ್ಳಿ ದಾಟುವಷ್ಟರಲ್ಲಿ ಮೂರು ಕಥೆ ಕಟ್ಟುತ್ತಿದ್ದೆ. ಕೈಗಾದ ನೌಕರರ ಬಸ್ಸುಗಳು ಎದುರಿಗೆ ಬರುತ್ತಿದ್ದವು. ಅದರ ಕಿಟಕಿಗಳಲ್ಲಿ ಬಾಯಿ ತೆರೆದು ನಿದ್ದೆ ಹೋದ ಮುಖಗಳನ್ನು ಕಂಡು ನನಗೆ ಅಸೂಯೆಯಾಗುತ್ತಿತ್ತು.

ಮುಂದಿನ ಮುಲಾಕಾತಿನ ದಿನ ಬಸ್ಸಿಗೆ ನಿಂತಿದ್ದಾಗ ವೈನಿ ಬಂದು ಪಕ್ಕದಲ್ಲಿ ನಿಂತಳು. ಒಳ್ಳೆಯ ಸೀರೆ, ತಲೆಗೆ ಅಬ್ಬಲಿ ಹೂವು. ಕಾರವಾರದ ತನಕ ಒಂದೇ ಸೀಟಿನಲ್ಲಿ ಕೂತರೂ ಏನೂ ಹೇಳಲಿಲ್ಲ. ಜಾಳಿಗೆಯ ಹತ್ತಿರ ಮೊದಲು ಅವಳೇ ಹೋದಳು.

ನನ್ನ ಗಂಡ ಅವಳನ್ನು ಕಂಡು ತಲೆ ತಗ್ಗಿಸಿದರು.

"ಇವ್ಳು ಹೇಳಿದ್ಲು," ಎಂದಳು ವೈನಿ. "ಸಹಿ ಹಾಕು."

"ಅಣ್ಣ..."

"ಅವ್ರ ಹತ್ರ ನಾ ಮಾತಾಡ್ತೆ. ಗಂಡ ನಂದು."

"ವೈನಿ, ನಾ ಸುಳ್ಳು ಹೇಳ್ತಿಲ್ಲ."

"ಗೊತ್ತದೆ. ಸುಳ್ಳಾಗಿದ್ರೆ ಹಾಕ್ಬೇಡ ಅಂತಿದ್ದೆ. ಸುಳ್ಳಿಗಾದ್ರೆ ಎಲ್ರೂ ಒಟ್ಟಿಗೇ ಇರುವಾ."

ಅವರು ಅಂದೇ ಸಹಿ ಹಾಕಿದರು. ಜೈಲಿನ ಅಧಿಕಾರಿಯ ಮುದ್ರೆ ಬಿದ್ದ ವಕಾಲತ್ತು ಆ ವಾರವೇ ಧಾರವಾಡಕ್ಕೆ ಹೋಯಿತು, ಮೇಲ್ಮನವಿ ಗಡುವಿನ ಒಳಗೆ ಬಿತ್ತು. ಜಾಮೀನಿನ ಅರ್ಜಿಯೂ ಅದರ ಜೊತೆಗಿದೆ. ವಿಚಾರಣೆಗೆ ಇನ್ನೂ ಬಂದಿಲ್ಲ. ವಕೀಲೆಗೆ ನಾನು ಫೋನು ಮಾಡಿದರೆ, "ಬಂದಾಗ ನಾನೇ ಹೇಳ್ತೇನೆ, ನೀವು ಮಕ್ಕಳಿಗೆ ಪಾಠ ಮಾಡಿ," ಎಂದು ಇಟ್ಟುಬಿಡುತ್ತಾರೆ.

ಆ ಮುಲಾಕಾತಿನಲ್ಲಿ ವೈನಿ ತನ್ನ ಗಂಡನ ಹತ್ತಿರ ಏನು ಮಾತಾಡಿದಳೋ ತಿಳಿಯದು. ನಾನು ದೂರ ನಿಂತಿದ್ದೆ. ಹೊರಗೆ ಬಂದವಳೇ, "ಹೆಸ್ರು ಕೇಳ್ಕಂಡು ಬರ್ತೆ ಅಂದಿದ್ಯಲ್ಲ, ಎಲ್ಲದೆ?" ಎಂದಳು. ವಕೀಲೆ ಇಬ್ಬರ ಹೆಸರು ಕೊಟ್ಟಿದ್ದರು. ಒಬ್ಬರು ಆ ದಿನ ಕಾರವಾರದಲ್ಲೇ ಇದ್ದರು. ಬಿಸಿಲಿನಲ್ಲಿ ಇಬ್ಬರೂ ನಡೆದುಕೊಂಡು ಹೋದೆವು. ಇಕ್ಕಟ್ಟಿನ ಮಹಡಿ, ತಂಪು ಕೋಣೆಯಿಲ್ಲ, ಫೋಟೋ ಇಲ್ಲ. ನಡುವಯಸ್ಸಿನ ಒಬ್ಬ ವಕೀಲರು ವೈನಿಯ ಕೈಯಿಂದ ತೀರ್ಪಿನ ಪ್ರತಿ ತೆಗೆದುಕೊಂಡು, ಮೊದಲ ಪುಟದಿಂದ ಓದತೊಡಗಿದರು. ಓದುತ್ತಲೇ ಇದ್ದರು. ನಡುವೆ ತಲೆ ಎತ್ತಿ, "ನಿಮ್ಮ ಗಂಡ ಏನು ಮಾಡಿದ್ರು ಅಂತ ನಂಗೆ ಗೊತ್ತಾಗ್ಬೇಕು ತಾಯಿ. ನನ್ನ ಹತ್ರ ಹೇಳಿದ್ದು ಇಲ್ಲೇ ಇರ್ತದೆ," ಎಂದರು.

ವೈನಿ ನನ್ನ ಕಡೆ ತಿರುಗಿದಳು.

"ನೀ ಹೊರಗೆ ಕೂತ್ಕ," ಎಂದಳು.

ಹೊರಗೆ ಮೆಟ್ಟಿಲ ಮೇಲೆ ಕೂತೆ. ಬಾಗಿಲು ಮುಚ್ಚಿಕೊಂಡಿತು. ಅವಳು ಒಳಗೆ ನಿಜ ಹೇಳಿದರೆ ಒಂದು ಭಯ, ಹೇಳದಿದ್ದರೆ ಇನ್ನೊಂದು. ಎರಡನ್ನೂ ಸರಿಸಮ ಹೊತ್ತು ಪಟ್ಟೆ. ಕೆಳಗೆ ರಸ್ತೆಯಲ್ಲಿ ಶಾಲೆ ಬಿಟ್ಟ ಮಕ್ಕಳು ಹೋದರು, ಮೀನಿನ ಗಾಡಿ ಹೋಯಿತು. ಅವಳು ಬಂದಾಗ ಅಬ್ಬಲಿ ಬಾಡಿತ್ತು, ಕಣ್ಣು ಒಣಗಿತ್ತು.

"ಕೇಸು ಹಿಡಿದ್ರು," ಎಂದಳು. "ಕಷ್ಟದೆ ಅಂದ್ರು."

ಏನು ಹೇಳಿದೆ ಎಂದು ನಾನು ಕೇಳಲಿಲ್ಲ. ಅವಳು ಸೆರಗು ತಲೆ ಮೇಲೆ ಎಳೆದುಕೊಂಡು ಮೆಟ್ಟಿಲು ಇಳಿಯತೊಡಗಿದಳು. ಕತ್ತಲೆಯ, ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಬೀಳುತ್ತಾಳೇನೋ ಎಂದು ನಾನು ಹಿಂದಿನಿಂದ ಅವಳ ತೋಳು ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ.